ಅವ್ವನ ಹೆಸರಿನ ಕಾರ್ಡು

“ಇದೇನ ಲಿಡಿಯಾ? ಇದರಾಗ ನಮ್ಮವ್ವನ ಹೆಸರು ಯಾಕ ಐತಿ?”

ನಂದಾ ಗುಲಾಬಿ ಬಣ್ಣದ ಕಾರ್ಡೊಂದನ್ನು ಸೊಸೆಯ ಮುಂದೆ ಹಿಡಿದಳು. ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕುವ ಮುಂಚೆ ಎಲ್ಲರ ಜೇಬು ತಡಕುವುದು ಅವಳ ಹಳೆಯ ಅಭ್ಯಾಸ. ಮಗನ ಜೇಬಿನಲ್ಲಿ ರೈಲಿನ ಟಿಕೆಟು, ಮೊಮ್ಮಗಳ ಜೇಬಿನಲ್ಲಿ ಕಲ್ಲು, ಕಡ್ಡಿ, ಅರ್ಧ ತಿಂದ ಚಾಕೊಲೇಟು ಸಿಗುವುದು ರೂಢಿ. ಇವತ್ತು ಸೊಸೆಯ ಕೋಟಿನ ಜೇಬಿನಲ್ಲಿ ಸಿಕ್ಕಿದ್ದು ಸತ್ತ ತಾಯಿ! ‘ರುದ್ರಮ್ಮ, ಹೆಣ್ಣು, ಜನನ 1938, ಗುಳೇದಗುಡ್ಡ, ಇಂಡಿಯಾ.’ ಅದರ ಕೆಳಗೆ ‘ಬ್ಯಾಪ್ಟಿಸಮ್’ ಎಂದು ಅಚ್ಚಾಗಿತ್ತು. ಎದುರಿಗೆ ಹೋದ ಶನಿವಾರದ ತಾರೀಕು. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸೀಸೆಗಳ ಮೇಲಿನ ಚೀಟಿ ಓದಿಯೇ ನಿವೃತ್ತಳಾದ ನಂದಾ ಈ ಚೀಟಿಯನ್ನೂ ಎರಡೆರಡು ಸಲ ಓದಿದಳು. ಎರಡನೆಯ ಸಲವೂ ಅದೇ ಇತ್ತು.

ಲಿಡಿಯಾ ಬೆಂಡೆಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ಯೂಟಾದ ಹುಡುಗಿ, ಕ್ರೈಸ್ತರಲ್ಲೇ ಮಾರ್ಮನ್ ಎಂಬ ಪಂಗಡದ ಮನೆತನ. ಈ ಮನೆಗೆ ಬಂದು ಹತ್ತು ವರ್ಷವಾಗಿತ್ತು. ಕನ್ನಡ ಕಲಿತದ್ದು ಅತ್ತೆಯಿಂದಲ್ಲ, ಗಂಡನಿಂದಂತೂ ಅಲ್ಲವೇ ಅಲ್ಲ. ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಗುಳೇದಗುಡ್ಡದ ರುದ್ರಮ್ಮನ ಜೊತೆ ಮಾತಾಡಿ ಆಡಿ ಕಲಿತದ್ದು.

“ಅತ್ತಿ... ನಾ ಹೇಳಬೇಕಂತ ಮಾಡಿದ್ದೆರಿ. ಐ ವಾಸ್ ವೇಟಿಂಗ್ ಫಾರ್ ದಿ ರೈಟ್ ಟೈಮ್.”

“ಏನು ಹೇಳಾಕಿ ಇದ್ದಿ? ಹೇಳು!”

ಲಿಡಿಯಾ ಹೇಳಿದಳು. ತಮ್ಮಲ್ಲಿ ತೀರಿಕೊಂಡ ಹಿರಿಯರ ಹೆಸರು ಹಿಡಿದು, ಅವರ ಬದಲಿಗೆ ಬದುಕಿದ್ದವರು ನೀರಿನಲ್ಲಿ ಮುಳುಗಿ ಏಳುವ ದೀಕ್ಷೆ ಇದೆ. ಹಾಗೆ ಮಾಡಿದರೆ ಸತ್ತ ಮೇಲೂ ಮನೆಮಂದಿ ಒಬ್ಬರಿಗೊಬ್ಬರು ಅಗಲುವುದಿಲ್ಲ ಎಂದು ತಮ್ಮವರ ನಂಬಿಕೆ. ಅದಕ್ಕೆ ತಾನು ತಮ್ಮ ಗುಡಿಗೆ ಹೋಗಿ...

“ಅಂದ್ರ ನಮ್ಮವ್ವನ ಹೆಸರಿನ್ಯಾಗ ನೀ ಮುಳುಗಿ ಎದ್ದಿ?”

“ಹೌದ್ರಿ ಅತ್ತಿ.”

ಆ ‘ಹೌದ್ರಿ’ ಕೇಳಿ ನಂದಾಳ ಮೈ ಉರಿದುಹೋಯಿತು. ಸುಳ್ಳಾದರೂ ಹೇಳಬಾರದಿತ್ತೇ! ತಡವರಿಸಬಾರದಿತ್ತೇ! ಈ ಹುಡುಗಿಯ ಜೊತೆ ಹತ್ತು ವರ್ಷದಿಂದ ಇದೇ ಗೋಳು. ದನಿ ಏರಿಸುವುದಿಲ್ಲ, ಎದುರಾಡುವುದಿಲ್ಲ, ಬಾಗಿಲು ದಬ್ಬುವುದಿಲ್ಲ. ಅವರ ಮತದಲ್ಲಿ ನಿಷಿದ್ಧವೆಂದು ತಾನು ಚಹಾ ಕುಡಿಯುವುದಿಲ್ಲ, ಆದರೆ ಅತ್ತೆಗೆ ಎರಡು ಹೊತ್ತೂ ತಾನೇ ಚಹಾ ಮಾಡಿ ಕೊಡುತ್ತಾಳೆ. ಸಿನಿಮಾದ ಸೊಸೆಯಂತೆ ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯವಳ ಮೇಲೆ ಸಿಟ್ಟು ಮಾಡುವುದಿದೆಯಲ್ಲ, ಅದರಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ.

ಅಷ್ಟರಲ್ಲಿ ಗ್ಯಾರೇಜಿನ ಬಾಗಿಲ ಸದ್ದಾಯಿತು. ಮಗ ಮೃತ್ಯುಂಜಯ ಮ್ಯಾನ್‌ಹಟನ್ನಿನಿಂದ ಬಂದ. ಬಂದವನು ಇಬ್ಬರ ಮುಖ ನೋಡಿದ, ಕಾರ್ಡು ನೋಡಿದ, ಬ್ಯಾಗು ಇಳಿಸಲೋ ಬೇಡವೋ ಎನ್ನುವಂತೆ ನಿಂತ.

“ಅಮ್ಮಾ, ಅವಳ ತಪ್ಪಿಲ್ಲ. ಇತ್ತೀಚೆಗೆ ಹೋದವರಾದ್ರೆ ಹತ್ತಿರದ ರಿಲೇಟಿವ್ ಪರ್ಮಿಷನ್ ಕೊಡಬೇಕಂತೆ. ನನ್ನ ಕೇಳಿದಳು. ನಿನ್ನ ಕೇಳಿ ಹೇಳು ಅಂದಳು.”

“ಕೇಳಿದೇನು?”

“ಐ ವಾಸ್ ಇನ್ ಎ ಮೀಟಿಂಗ್... ಅಮ್ಮ ಓಕೆ ಅಂದ್ರು ಅಂತ ಟೆಕ್ಸ್ಟ್ ಮಾಡಿಬಿಟ್ಟೆ. ನೀನು ಮೈಂಡ್ ಮಾಡಲ್ಲ ಅನ್ಕೊಂಡೆ.”

ಲಿಡಿಯಾ ಗಂಡನತ್ತ ತಿರುಗಿ ನೋಡಿದಳು. ಈ ಮಾತು ಅವಳಿಗೂ ಹೊಸದು.

“ಮೈಂಡ್ ಮಾಡಲ್ಲ!” ನಂದಾ ಕೂಗಿದಳು. “ಹೊಟ್ಟ್ಯಾಗ ಹುಟ್ಟಿದ ಮಗಳು ನಾ ಇನ್ನೂ ಜೀವಂತ ಇದ್ದೀನೋ ಜಯಾ! ಕೊರಳಾಗ ಲಿಂಗ ಕಟ್ಟಿಕೊಂಡು ಎಂಬತ್ತಾರು ವರ್ಷ ಬಾಳಿದಾಕಿ ಆಕಿ. ಕೈಯಾಗ ಲಿಂಗ ಇಟ್ಟು ಮಣ್ಣು ಮಾಡ್ಯಾರ. ಹೋದ ಮ್ಯಾಲೆ ಆಕೀನ ನೀರಾಗ ಮುಳುಗಿಸಿ ಇನ್ನೊಂದು ಧರ್ಮಕ್ಕ ಕಳಿಸಾಕ ನೀವ್ಯಾರು? ಈಗಿಂದೀಗ ತಗೀರಿ ಆ ಹೆಸರು. ರದ್ದು ಮಾಡ್ರಿ!”

“ಅತ್ತಿ, ಹೆಸರು ತಗೀರಿ ಅಂತ ನಾ ಪತ್ರ ಬರೀತೀನ್ರಿ. ಆದ್ರ ಮಾಡಿದ್ದು...” ಲಿಡಿಯಾ ತುಟಿ ಕಚ್ಚಿದಳು. “ಒಂದು ಮಾತ್ರ ತಿಳಕೋರಿ. ಇದು ಬರೇ ಕರಿಯೋದು. ಬಲವಂತ ಇಲ್ಲ. ಅಲ್ಲಿ ಅವ್ವ ಬ್ಯಾಡ ಅನ್ನಬಹುದು. ಶಿ ಕ್ಯಾನ್ ಸೇ ನೋ.”

ಆಗ ನಂದಾಳಿಗೆ ಅಳು ಉಕ್ಕಿ ಬಂತು. ಇಡೀ ದುಃಖದ ಬುಡವೇ ಅಲ್ಲಿತ್ತು!

“ನಮ್ಮವ್ವಗ ಬ್ಯಾಡ ಅನ್ನಾಕ ಬರತಿತ್ತೇನು? ಹಳಸಿದ ಪಲ್ಯ ಕೊಟ್ಟ ಬೀಗತಿಗೂ ಬ್ಯಾಡ ಅಂದಾಕಿ ಅಲ್ಲ. ಬಾಗಿಲಿಗೆ ಬಂದ ಬುಟ್ಟಿ ಮಾರಾಕಿಗೆ, ಪಾಲಿಸಿ ಮಾಡಿಸಾಂವಗ, ಯಾರಿಗೂ ಬ್ಯಾಡ ಅಂದಾಕಿ ಅಲ್ಲ! ಅದರಾಗ ನೀ ಕರದಿ. ಲಿಡವ್ವ ಕರದ್ಲು ಅಂತ ಸೆರಗು ಸರಿ ಮಾಡಿಕೊಂಡು ಎದ್ದು ಹೊಂಟಿರತಾಳ ಆ ಹುಚ್ಚಿ... ನಾ ಸತ್ತು ಹೋದ ಮ್ಯಾಲೆ ಆಕೀನ ಎಲ್ಲಿ ಹುಡುಕಲಿ?”

ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಏಳು ವರ್ಷದ ಸಿರಿ, “ಅಜ್ಜಿ, ಆರ್ ಯು ಮ್ಯಾಡ್ ಅಟ್ ಮಮ್ಮಿ?” ಎಂದಳು. ಲಿಡಿಯಾ ಅವಳ ಕೈಹಿಡಿದು ಮೇಲೆ ಕರೆದೊಯ್ದಳು.

ನಂದಾಳಿಗೆ ಇನ್ನೊಂದು ಸಂಕಟವಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಹೋದ ವರ್ಷ ಅವ್ವ ತೀರಿಕೊಂಡ ಸುದ್ದಿ ಬಂದಾಗ ನ್ಯೂವಾರ್ಕಿನಿಂದ ಸಿಕ್ಕಿದ ಮೊದಲ ವಿಮಾನ ಹತ್ತಿದ್ದರೂ ಊರು ಮುಟ್ಟಲು ಎರಡು ದಿನ ಹಿಡಿಯಿತು. ಅವರಲ್ಲಿ ಹೆಣ ಕಾಯಿಸುವ ಪದ್ಧತಿ ಇಲ್ಲ. ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಮಗಳಾಗಿ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ. ಅವ್ವನ ಕೊನೆಯ ಕೆಲಸ ತನ್ನನ್ನು ಬಿಟ್ಟು ನಡೆದುಹೋಯಿತು ಎಂಬ ಮುಳ್ಳು ವರ್ಷವಿಡೀ ಚುಚ್ಚುತ್ತಿತ್ತು. ಈಗ ಅವ್ವನ ಹೆಸರಿನಲ್ಲಿ ಇನ್ನೂ ಒಂದು ಕಾರ್ಯ ನಡೆದಿದೆ. ಅದೂ ತನ್ನನ್ನು ಬಿಟ್ಟೇ!

ಅವಳ ಗಂಡ ಸಿದ್ದರಾಮಪ್ಪನವರು ಆ ತಿಂಗಳು ಊರಿನಲ್ಲಿದ್ದರು. ಫೋನು ಹಚ್ಚಿದರೆ ಎಲ್ಲ ಕೇಳಿ, “ನೀ ಹೇಳೂದೂ ಖರೆ, ಆಕಿ ಹೇಳೂದೂ ಖರೆ,” ಎಂದರು. ನಲವತ್ತು ವರ್ಷದ ಸಂಸಾರದಲ್ಲಿ ಆ ಮಹಾನುಭಾವರ ಬಾಯಿಂದ ಬೇರೆ ತೀರ್ಪು ಬಂದಿದ್ದೇ ಇಲ್ಲ. ನಂದಾ ಫೋನು ಇಟ್ಟು ಬ್ಯಾಗು ತುಂಬತೊಡಗಿದಳು.

ಮರುದಿನ ಶನಿವಾರ. ಅದರ ಮಾರನೆಯ ದಿನ ಮಹಾನವಮಿಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಹಿಡಿಯುವ ದಿನ. ಅವ್ವ ಹೋದ ಮೇಲೆ ಅವಳ ಹೆಸರಿನ ಮೊದಲ ಎಡೆ. “ಅದನ್ನ ಈ ಮನ್ಯಾಗ ಮಾಡೂದಿಲ್ಲ. ಕಲಾನ ಮನ್ಯಾಗ ಮಾಡತೀನಿ. ಆಮ್ಯಾಲೆ ಅಲ್ಲೇ ಇರತೀನಿ,” ಎಂದಳು. ಕಲಾ ಅವಳ ಚಿಕ್ಕಪ್ಪನ ಮಗಳು, ಜರ್ಸಿ ಸಿಟಿಯಲ್ಲಿದ್ದಳು. ಸೀಕಾಕಸ್ ಸ್ಟೇಷನ್ನಿಗೆ ಕಾರು ತರುತ್ತೇನೆ ಬಾ ಎಂದಿದ್ದಳು.

“ಎಷ್ಟು ದಿನ ಇರ್ತೀಯ ಅಮ್ಮಾ?” ಎಂದ ಮೃತ್ಯುಂಜಯ.

“ಮೀಟಿಂಗ್ ಮುಗಿಸಿ ಟೆಕ್ಸ್ಟ್ ಮಾಡು, ಹೇಳತೀನಿ.”

ಶನಿವಾರ ಬೆಳಗ್ಗೆ ಹೊರಡುವಾಗ ಅವಳ ಕಣ್ಣು ಊಟದ ಮೇಜಿನ ಮೇಲಿದ್ದ ದಪ್ಪ ನೀಲಿ ಫೈಲಿನ ಮೇಲೆ ಬಿತ್ತು. ಎರಡೂ ಮನೆಗಳ ವಂಶಾವಳಿ ಬರೆದಿಟ್ಟ ಫೈಲು ಅದು. ಹಿಂದಿನ ಅರ್ಧ ಅವಳ ಕಡೆಯದು. ಎರಡು ಚಳಿಗಾಲ ಕೂತು ಅವಳೇ ಹೇಳಿ ಬರೆಸಿದ್ದಳು. ಮಗ್ಗದ ಬಸಪ್ಪ, ಅವನ ಹೆಂಡತಿ ಗೌರವ್ವ, ಪ್ಲೇಗಿನಲ್ಲಿ ಹೋದ ಅವಳಿ ಮಕ್ಕಳು... ಕೇಳುವವರು ಸಿಕ್ಕರೆಂಬ ಖುಷಿಯಲ್ಲಿ ತಾನೇ ಒಬ್ಬೊಬ್ಬರನ್ನೂ ಕೈಹಿಡಿದು ಕರೆತಂದು ಒಪ್ಪಿಸಿದ್ದಳಲ್ಲ! ಇನ್ನು ಒಬ್ಬರ ಹೆಸರೂ ಈ ಮನೆಯಲ್ಲಿರಬಾರದು. ಫೈಲನ್ನು ಎತ್ತಿ ಬ್ಯಾಗಿಗೆ ತುರುಕಿದಳು. ಲಿಡಿಯಾ ನೋಡಿದಳು, ಬೇಡ ಎನ್ನಲಿಲ್ಲ. ಬುತ್ತಿ ಡಬ್ಬಿಯೊಂದನ್ನು ಮುಂದೆ ಹಿಡಿದಳು. ನಂದಾ ಅದನ್ನು ತೆಗೆದುಕೊಳ್ಳಲಿಲ್ಲ.

ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತಳು. ತನ್ನವರ ಹಾಳೆಗಳನ್ನು ಕಿತ್ತುಕೊಂಡು ಫೈಲನ್ನು ಅಂಚೆಯಲ್ಲಿ ವಾಪಸು ಕಳಿಸುವುದೆಂದು ತೀರ್ಮಾನಿಸಿ ತೆರೆದರೆ, ಮುಂದಿನ ಅರ್ಧ ಎದುರಾಯಿತು. ಲಿಡಿಯಾಳ ಅಜ್ಜಿಯ ಮುತ್ತಜ್ಜಿ ತಾಬಿತಾ ಬರೆದ ದಿನಚರಿಯ ಟೈಪು ಮಾಡಿದ ಪ್ರತಿ. ಲಿಡಿಯಾ ಎಷ್ಟೋ ಸಲ “ಅತ್ತಿ, ನಮ್ಮ ಪಯೊನಿಯರ್ ಅಜ್ಜಿದು ಓದರಿ” ಎಂದಿದ್ದಳು. ಓದುತ್ತೇನೆಂದು ನಂದಾ ಹತ್ತು ವರ್ಷ ತಳ್ಳಿದ್ದಳು. ಸೊಸೆಯ ಕಡೆಯ ಹಿರಿಯರ ಕಥೆ ಯಾವ ಅತ್ತೆಗೆ ಬೇಕಾಗಿರುತ್ತದೆ? ಈಗಲೂ ಓದುವ ಮನಸ್ಸೇನೂ ಇರಲಿಲ್ಲ. ಮೊದಲ ಸಾಲು ಕಣ್ಣಿಗೆ ಬಿತ್ತು, ಅಷ್ಟೇ. ‘ನಾನು ನೇಕಾರರ ಮನೆಯ ಮಗಳು.’

ನೂರೆಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನ ಗಿರಣಿ ಊರಿನ ತಾಬಿತಾ ಆಗ ಹೊಸದಾಗಿದ್ದ ಮಾರ್ಮನ್ ಮತಕ್ಕೆ ಸೇರಿದಳೆಂದು ತಾಯಿ ಅವಳ ಬಟ್ಟೆಗಂಟನ್ನು ಬೀದಿಗೆ ಎಸೆದಿದ್ದಳು. ಗಂಡನ ಜೊತೆ ಹಡಗು ಹತ್ತಿ ನ್ಯೂಯಾರ್ಕಿನಲ್ಲಿ ಇಳಿದಳು. ಮುಂದೆ ಹೋಗಲು ಹಣವಿಲ್ಲದೆ ಎರಡು ಚಳಿಗಾಲ ಹತ್ತಿರದ ಪ್ಯಾಟರ್ಸನ್ನಿನ ಗಿರಣಿಯಲ್ಲಿ ನೂಲು ಸುತ್ತಿದಳು. ಅಲ್ಲೇ ಮಗ ಹುಟ್ಟಿದ, ಈಲೈ ಎಂದು ಹೆಸರಿಟ್ಟಳು. ಆಮೇಲೆ ತಮ್ಮವರ ಗುಂಪಿನೊಂದಿಗೆ ಪಶ್ಚಿಮದ ಯೂಟಾಕ್ಕೆ ಹೊರಟಳು. ಎತ್ತಿಲ್ಲ, ಕುದುರೆಯಿಲ್ಲ, ಕೈಗಾಡಿಯ ಮೇಲೆ ಸಾಮಾನು, ಸಾಮಾನಿನ ಮೇಲೆ ಎರಡು ತುಂಬದ ಮಗು, ಗಾಡಿಯ ನೊಗಕ್ಕೆ ತಾನು ಮತ್ತು ಗಂಡ. ರೈಲು ಮುಗಿದಲ್ಲಿಂದ ಸಾವಿರಕ್ಕೂ ಹೆಚ್ಚು ಮೈಲಿ ನಡಿಗೆ. ಹಿಮ ಆ ವರ್ಷ ಬೇಗ ಬಿತ್ತು. ಹಿಟ್ಟು ಕರಗುತ್ತಾ ಬಂದು ದೊಡ್ಡವರಿಗೆ ದಿನಕ್ಕೊಂದು ಹಿಡಿ, ಮಕ್ಕಳಿಗೆ ಅರ್ಧ ಹಿಡಿ ಎಂದಾಯಿತು. ತನ್ನ ಹಿಡಿಯನ್ನೂ ಮಗನಿಗೇ ಕುದಿಸಿ ಕುಡಿಸಿದಳು. ಆದರೂ ಒಂದು ಬೆಳಗ್ಗೆ ಈಲೈ ಏಳಲಿಲ್ಲ. ‘ನೆಲ ಕಲ್ಲಾಗಿತ್ತು, ಅಗೆಯಲು ಆಗಲಿಲ್ಲ. ಹಿಮದಲ್ಲಿ ಇಟ್ಟು ಬಂದೆವು. ನನ್ನ ಶಾಲು ಹೊದಿಸಿದೆ. ಅವನು ಹಸಿದೇ ಹೋದ.’ ಅಷ್ಟೇ ಬರೆದಿದ್ದಳು. ಅದರ ಕೆಳಗೆ ಹನ್ನೊಂದು ದಿನ ಏನೂ ಬರೆದಿರಲಿಲ್ಲ.

ನಂದಾ ಎರಡು ಸ್ಟೇಷನ್ ಹಾದುಹೋದದ್ದನ್ನು ನೋಡಲಿಲ್ಲ. ಹಾಳೆ ತಿರುಗಿಸಿದಳು. ಇಪ್ಪತ್ತು ವರ್ಷ ಕಳೆದಿತ್ತು. ತಾಯಿ ಸತ್ತು ಐದು ತಿಂಗಳಾದ ಮೇಲೆ ಆ ಸುದ್ದಿಯ ಪತ್ರ ಯೂಟಾಕ್ಕೆ ತಲುಪಿತ್ತು. ಆ ಇಪ್ಪತ್ತು ವರ್ಷದಲ್ಲಿ ತಾಯಿ ಮಗಳಿಗೆ ಒಂದೇ ಒಂದು ಸಾಲು ಬರೆದಿರಲಿಲ್ಲ. ತಾಬಿತಾ ಆ ತಾಯಿಯ ಹೆಸರಿನಲ್ಲೇ ನೀರಿಗಿಳಿದು ಮುಳುಗಿ ಎದ್ದಳು. ಆ ಸಂಜೆ ಬರೆದ ಸಾಲು ಹೀಗಿತ್ತು: ‘ಅಮ್ಮನಿಗೆ ಗೊತ್ತಾದರೆ ಬೈಯುತ್ತಾಳೆ. ಬೈಯಲಿ. ಬೈಯುವುದಕ್ಕಾದರೂ ಒಮ್ಮೆ ನನ್ನ ಹತ್ತಿರ ಬರಲಿ.’

ನಂದಾ ಫೈಲು ಮುಚ್ಚಿದಳು. ಮತ್ತೆ ತೆರೆದಳು. ತಾಯಿಯ ಮಣ್ಣಿಗೆ ಸಿಗದ ಮಗಳು ತನ್ನಂತೆ ಇನ್ನೊಬ್ಬಳಿದ್ದಳೇ! ಸಿಟ್ಟು ಹಾಗೇ ಇತ್ತು, ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆದರೆ ಯಾರ ಮೇಲೆ ಎಂಬುದು ಮಾತ್ರ ಈಗ ಗೊಂದಲವಾಯಿತು. ಲಿಡಿಯಾಳ ಮೇಲೋ, ಮಗನ ಮೇಲೋ, ಎರಡು ದಿನ ತಡ ಮಾಡಿದ ವಿಮಾನದ ಮೇಲೋ, ಮೂವತ್ತು ವರ್ಷ ಈ ದೇಶದಲ್ಲಿದ್ದು ಅವ್ವನನ್ನು ಫೋನಿನ ಗಾಜಿನಲ್ಲಷ್ಟೇ ನೋಡುತ್ತ ಬಂದ ತನ್ನ ಮೇಲೋ... ಪಕ್ಕದಲ್ಲಿ ಕೂತಿದ್ದ ಮುದುಕ ಮಾತಿಲ್ಲದೆ ಒಂದು ಕಾಗದದ ಕರವಸ್ತ್ರ ಕೊಟ್ಟ. ಆಗಲೇ ತಾನು ಅಳುತ್ತಿರುವುದು ಅವಳಿಗೆ ತಿಳಿದದ್ದು.

ಸೀಕಾಕಸ್‌ನಲ್ಲಿ ಇಳಿದಳು. ತಲೆಯ ಮೇಲಿನ ಬೋರ್ಡಿನಲ್ಲಿ ಮುಂದಿನ ಗಾಡಿ ಪ್ಯಾಟರ್ಸನ್ ಮೇಲೆ ಹೋಗುವುದೆಂದು ತೋರಿಸುತ್ತಿತ್ತು. ಅದನ್ನೇ ನೋಡುತ್ತ ನಿಂತಳು. ತನ್ನ ಪಾಲಿನ ಹಿಟ್ಟನ್ನೂ ಮಗನಿಗೇ ಕುದಿಸಿದ ಆ ಹೆಂಗಸು ಇಲ್ಲೇ ಹತ್ತಿರದಲ್ಲಿ ಎರಡು ಚಳಿಗಾಲ ನೂಲು ಸುತ್ತಿದ್ದಳು. ಕಲಾಗೆ ಫೋನು ಮಾಡಿದಳು.

“ನಾ ಬರೂದಿಲ್ಲವಾ. ವಾಪಸು ಹೊಂಟೀನಿ.”

“ಅಯ್ಯ! ನಾ ಇಲ್ಲಿ ಪಾರ್ಕಿಂಗ್‌ನ್ಯಾಗ ನಿಂತೀನಿ. ಹೂರಣಕ್ಕ ಬ್ಯಾಳಿ ಇಟ್ಟು ಬಂದೀನಿ! ಸೊಸಿ ಕಾಲು ಹಿಡಿದ್ಲೇನು?”

“ಇಲ್ಲ. ಆಕೀ ಅಜ್ಜಿ ಹಿಡಿದ್ಲು,” ಎಂದು ನಂದಾ ಫೋನು ಇಟ್ಟಳು. ಕಲಾ ಅದಾದ ಮೇಲೆ ಒಂದು ತಿಂಗಳು ಮಾತಾಡಲಿಲ್ಲ, ಅದು ಬೇರೆ ವಿಷಯ.

ಮನೆಗೆ ಬಂದಾಗ ಲಿಡಿಯಾ ಮೆಟ್ಟಿಲ ಮೇಲೆ ಕೂತಿದ್ದಳು. ಎದ್ದು ನಿಂತಳು. ಕಣ್ಣು ಊದಿಕೊಂಡಿದ್ದವು. ನಂದಾ ಬ್ಯಾಗು ಕೆಳಗಿಡದೆಯೇ ಕೇಳಿದಳು.

“ಯಾಕ ಮಾಡಿದಿ? ಧರ್ಮದ ಮಾತು ಬ್ಯಾಡ. ನಿನ್ನ ಮಾತು ಹೇಳು.”

“ಅತ್ತಿ... ನಾ ಈ ಮನಿಗೆ ಬಂದಾಗ ನನ್ನ ಜೋಡಿ ಮೊದಲು ನಕ್ಕಾಕಿ ಅವ್ವ ಒಬ್ಬಾಕಿನ.” “ನೀವು ನನ್ನ ಜೋಡಿ ಎರಡು ವರ್ಷ ಬರೇ ಇಂಗ್ಲಿಷ್ ಮಾತಾಡಿದ್ರಿ. ಆಕಿ ಲಿಡವ್ವಾ ಅಂದ್ಲು. ಆಕಿ ಇಲ್ಲದ ಜಾಗಕ್ಕ ನಾ ಹೆಂಗ ಹೋಗಲ್ರಿ? ಐ ಡೋಂಟ್ ವಾಂಟ್ ಟು ಬಿ ಎನಿವೇರ್ ವಿದೌಟ್ ಹರ್... ಆದ್ರ ನಿಮ್ಮನ್ನ ನಾನ ಖುದ್ದ ಕೇಳಬೇಕಿತ್ತು. ಜಯ್ ಕೈಲಿ ಕೇಳಿಸಿದ್ದು ನನ್ನ ತಪ್ಪು. ಹೆದರಿಕಿ ಆಗಿತ್ರಿ.”

ಎರಡು ವರ್ಷ ಬರೀ ಇಂಗ್ಲಿಷ್. ಹೌದು. ನಂದಾಳಿಗೆ ಅದು ಮರೆತೇ ಹೋಗಿತ್ತು. ಮಾಡಿದವರಿಗೆ ಮರೆಯುವುದು ಬಹಳ ಸುಲಭ!

“ಹೆದರಿಕಿ ಯಾಕ? ಈಗ ಕೇಳು.”

“ಏನ್ರಿ?”

“ನಾನೂ ಒಂದಿನ ಹೋಗಾಕಿನ. ನನ್ನ ಹೆಸರು ಒಯ್ಯಲೇನು ಅಂತ ಕೇಳು.”

ಲಿಡಿಯಾ ಕೇಳಿದಳು. “ಅತ್ತಿ... ನಿಮ್ಮ ಹೆಸರು ನಮ್ಮ ಗುಡಿಗೆ ಒಯ್ಯಲೇನ್ರಿ?”

“ಬ್ಯಾಡ.”

“ಆತ್ರಿ ಅತ್ತಿ.”

“ಎಂದೆಂದೂ ಬ್ಯಾಡ.”

“ಆತ್ರಿ. ಒಯ್ಯಂಗಿಲ್ಲ.”

ನಂದಾ ದೀರ್ಘವಾಗಿ ಉಸಿರು ಬಿಟ್ಟಳು. ಎರಡು ದಿನದಲ್ಲಿ ಮೊದಲ ಬಾರಿಗೆ ಎದೆ ಕೊಂಚ ಸಡಿಲವಾಯಿತು. ಅವ್ವನಿಗೆ ಬಾರದ ಮಾತನ್ನು ಮಗಳಾದರೂ ಆಡಿದಳಲ್ಲ! “ಅವ್ವಂದು ಅವ್ವಗ ಬಿಟ್ಟದ್ದು. ಆಕಿ ಏನು ಮಾಡ್ಯಾಳೋ, ನಾ ಹೋಗಿ ಆಕೀನ್ನ ಕೇಳತೀನಿ. ಪತ್ರ ಮಾತ್ರ ಬರಿ,” ಎಂದು ಒಳಗೆ ನಡೆದಳು. ಬಾಗಿಲಲ್ಲಿ ನಿಂತಿದ್ದ ಮಗನಿಗೆ, “ಕಡ್ಲಿಬ್ಯಾಳಿ ತಗೊಂಡು ಬಾ. ಮೊದಲು ಯಾರನ್ನರ ಕೇಳಿ ತಗೊಂಡು ಬಾ, ಇಲ್ಲಂದ್ರ ತೊಗರಿಬ್ಯಾಳಿ ತಂದೀ,” ಎಂದಳು.

ಭಾನುವಾರ ಲಿಡಿಯಾ ಸಿರಿಯನ್ನು ಕರೆದುಕೊಂಡು ಚರ್ಚಿಗೆ ಹೋಗಿ ಬರುವಷ್ಟರಲ್ಲಿ ಮನೆತುಂಬ ಹೋಳಿಗೆಯ ಪರಿಮಳ, ಲೋಬಾನದ ಹೊಗೆ. ಸ್ಮೋಕ್ ಅಲಾರಂ ಒಮ್ಮೆ ಕೂಗಿ ಸುಮ್ಮನಾಗಿತ್ತು. ಮುಂದಿನ ಕೋಣೆಯಲ್ಲಿ ನಂದಾ ಮಣೆ ಹಾಕಿ ಅವ್ವನ ಫೋಟೋ ಇಟ್ಟಿದ್ದಳು. ಮುಂದೆ ಹೊಸ ಸೀರೆ, ಬಾಳೆಎಲೆಯ ತುಂಬ ಎಡೆ. ಲಿಡಿಯಾ ಕೈಮುಗಿಯಲು ಬಂದವಳು ಅಲ್ಲೇ ನಿಂತುಬಿಟ್ಟಳು.

ಅವ್ವನ ಪಕ್ಕದಲ್ಲಿ ಇನ್ನೊಂದು ಮಣೆ ಇತ್ತು. ಅದರ ಮೇಲೆ ನೀಲಿ ಫೈಲು, ಟೋಪಿ ತೊಟ್ಟ ಹೆಂಗಸಿನ ಮಸುಕು ಚಿತ್ರವಿದ್ದ ಪುಟ ತೆರೆದಿತ್ತು. ಮುಂದೆ ಗುಳೇದಗುಡ್ಡದ ಕೆಂಪು ಖಣ, ಅದು ಅವ್ವ ನಂದಾಳಿಗೆಂದು ಕೊಟ್ಟ ಕೊನೆಯ ಖಣ. ಅದರ ಮುಂದೆ ಇನ್ನೊಂದು ಎಲೆ. ಅವ್ವನಿಗಿಂತ ಎರಡು ಹೋಳಿಗೆ ಹೆಚ್ಚಿಗೇ ಬಡಿಸಿತ್ತು.

“ಅತ್ತಿ... ಇದು ತಾಬಿತಾ...”

“ಹೂಂ. ಆಕಿಗೂ ಕೇಳಿಲ್ಲ. ನೀ ಕೇಳಿದ್ದೇನು ನಮ್ಮವ್ವನ್ನ?” ನಂದಾಳ ದನಿಯಲ್ಲಿ ಬಿಸಿ ಇನ್ನೂ ಇತ್ತು. “ನೇಕಾರರ ಮಗಳಂತ. ನಮ್ಮವ್ವನ ಜೋಡಿ ಕುಂತು ಉಣ್ಣಲಿ. ಇಬ್ಬರಿಗೂ ಮಾತಾಡಾಕ ಮಗ್ಗದ ಸುದ್ದಿ ಐತಿ.”

“ವಾಟ್ ಇಫ್ ಶಿ ಡಸಂಟ್ ವಾಂಟ್ ಇಟ್, ಅಜ್ಜಿ?” ಎಂದಳು ಸಿರಿ.

“ಬ್ಯಾಡಾದ್ರ ಬಿಡತಾಳ. ಕರಿಯೋದು ನಮ್ಮ ಕೆಲಸ.”

ಅಂದು ಮುಗಿಸಿದ ಮೇಲೆ ತಾನು ಯಾರ ಮಾತನ್ನು ಆಡಿದೆನೆಂಬುದು ನಂದಾಳಿಗೆ ಹೊಳೆಯಿತು. ಥೂ, ಎಂದುಕೊಂಡಳು. ಲಿಡಿಯಾಳ ಕಡೆ ನೋಡಲಿಲ್ಲ.

ಎಡೆ ಹಿಡಿದ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಯಾರ ಕಣ್ಣೂ ಇಲ್ಲದೆ ಉಣ್ಣಬೇಕು. ಅದು ಅವ್ವನ ಮನೆಯ ಪದ್ಧತಿ. ಮೃತ್ಯುಂಜಯ, ಸಿರಿ ಹೊರಗೆ ನಡೆದರು. ನಂದಾ ಮಾತ್ರ ಅಡುಗೆಮನೆಗೆ ಹೋಗಿ ಸಿರಿ ಕೂಸಾಗಿದ್ದಾಗಿನ ಸಣ್ಣ ಬೆಳ್ಳಿ ಬಟ್ಟಲನ್ನು ತಂದಳು. ಹೋಳಿಗೆಯನ್ನು ಹಾಲಿನಲ್ಲಿ ಹಿಚುಕಿ ಮೆತ್ತಗೆ ಮಾಡಿ, ಮೇಲೆ ತುಪ್ಪ ಬಿಟ್ಟಿತ್ತು. ಎರಡು ವರ್ಷದ ಮಗು ನುಂಗಬಹುದಾದಷ್ಟು ಮೆತ್ತಗೆ. ಅದನ್ನು ತಾಬಿತಾಳ ಎಲೆಗೆ ಒತ್ತಿ ಇಟ್ಟಳು.

ಲಿಡಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಹತ್ತು ವರ್ಷದಲ್ಲಿ ದನಿ ಏರಿಸದ ಹುಡುಗಿ ಅಲ್ಲೇ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

“ಏಳು,” ಎಂದಳು ನಂದಾ, ಅವಳ ತೋಳು ಹಿಡಿದೆತ್ತುತ್ತ. “ಏಳವ್ವಾ ಲಿಡವ್ವ, ಹೊರಗ ನಡಿ. ನಾವು ಇಲ್ಲಿ ನಿಂತ್ರ ಕೂಸು ನಾಚಿಕೊಂಡು ಉಣ್ಣಂಗಿಲ್ಲ.”

ಇಬ್ಬರೂ ಹೊರಗೆ ಬಂದರು. ನಂದಾ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದಳು.